ಹೋಲ್ಡಾನ್

ಹತ್ತೊಂಬತ್ತು ವರ್ಷ ತಡೆದುಕೊಂಡೇ ದುಡಿದವಳು ನಾನು.
ಮಾರ್ಕೆಟ್ಟಿನಿಂದ ಅತ್ತಿಬೆಲೆ, ಅತ್ತಿಬೆಲೆಯಿಂದ ಮಾರ್ಕೆಟ್ಟು,
ದಿನಕ್ಕೆ ಆರು ಸಿಂಗಲ್ಲು, ಚಿಲಕವಿಲ್ಲದ ಒಂದು ಕಕ್ಕಸು.
ನೀರು ಕುಡಿಯುತ್ತಿರಲಿಲ್ಲ. ಒತ್ತಿಕೊಂಡು ಬಂದರೆ
ಚರ್ಮದ ಚೀಲ ಹೊಟ್ಟೆಗೆ ಬಿಗಿದು
ಹೋಲ್ಡಾನ್ ಅನ್ನುತ್ತಿದ್ದೆ, ಬಸ್ಸಿಗೂ ನನಗೂ.

ಈಗಲೂ ಸೊಂಟಕ್ಕೊಂದು ಚೀಲ. ಚಿಲ್ಲರೆ ಇಲ್ಲ.
ಹೇಳದೆ ಕೇಳದೆ ತುಂಬುತ್ತದೆ,
ನಾದಿನಿಯ ಸೀಮಂತದಲ್ಲಿ ಆರತಿ ಎತ್ತುವಾಗ
ಗೊರ್ ಅನ್ನುತ್ತದೆ. ಯಾವ ಸೀಟಿಗೂ ನಿಲ್ಲುವುದಿಲ್ಲ.

ನೋಡಿ, ಗುಲಾಬಿ ಮೊಗ್ಗು ಅಂದಿದ್ದರು ಸಿಸ್ಟರ್ ಜಸಿಂತಾ.
ನನಗೆ ಕಂಡದ್ದು ಹುಂಜದ ಜುಟ್ಟು.
ಮೂರನೆಯ ವಾರ ಅದೂ ಒಳಕ್ಕೆ ಕುಸಿಯಿತು,
ಅಂಚಿನಲ್ಲಿ ಸೋರಿತು. ಸುತ್ತಲ ಚರ್ಮ
ಸಿಪ್ಪೆ ಸುಲಿದ ಟೊಮೆಟೊ. ಕರುಳಿನ ರಸ
ನನ್ನನ್ನೇ ಅನ್ನವೆಂದುಕೊಂಡು ಅರಗಿಸುತ್ತಿತ್ತು.
ಪುಡಿ ಉದುರಿಸು, ಊದು, ಅಂಟಿಸು, ಅಂಗೈಯಲ್ಲಿ ಒತ್ತಿ ಹಿಡಿ
ನೂರು ಎಣಿಸುವ ತನಕ.
ಎಣಿಸುವುದು ಮಾತ್ರ ನನಗೆ ಚೆನ್ನಾಗಿ ಬರುತ್ತದೆ.

ರಾತ್ರಿ ಎರಡಕ್ಕೆ ವರ್ಷಿಣಿ ಏಳುತ್ತಾಳೆ.
ಮೂವತ್ತೆರಡು ಮಿಲಿಮೀಟರಿನ ವೃತ್ತ ಕತ್ತರಿಸುತ್ತಾಳೆ,
ಗಣಿತದಲ್ಲಿ ಎರಡು ಸಲ ಫೇಲಾದವಳು, ಕೂದಲೆಳೆ ತಪ್ಪದೆ.
ಮೂಗು ಮುಚ್ಚುವುದಿಲ್ಲ.
ನಾನದನ್ನು ನೋಡಿದೆನೆಂದು ಅವಳಿಗೆ ಗೊತ್ತಿಲ್ಲ.

ಹದಿನೈದು ದಿನಕ್ಕೊಮ್ಮೆ ಡೇರಿ ಸರ್ಕಲ್ಲಿನಾಚೆ
ಗಾಜಿನ ಬಾಟಲಿಯ ಕೆಳಗೆ ಮಲಗುತ್ತೇನೆ.
ಔಷಧಿ ಬೆರಳ ತುದಿಗಳನ್ನು ತಿಂದಿದೆ,
ಕತ್ತಲಲ್ಲಿ ಎಂಟಾಣೆ, ರೂಪಾಯಿ ಬೇರೆ ಮಾಡುತ್ತಿದ್ದ ಬೆರಳು.
ಫ್ರಿಜ್ಜಿನ ಹಾಲು ಮುಟ್ಟಿದರೆ ಸೂಜಿ,
ಮುಂಜಾನೆ ನಲ್ಲಿ ತಿರುಗಿಸಿದರೆ ಕರೆಂಟು.
ಬೆಂಗಳೂರಿನ ಡಿಸೆಂಬರು ಇಷ್ಟು ಹರಿತವಿತ್ತೇ?

ಹನ್ನೆರಡು ಸುತ್ತು ಮುಗಿಯಲಿ, ಕರುಳು ಜೋಡಿಸೋಣ ಅಂದರು.
ನಾಲ್ಕಕ್ಕೆ ರಕ್ತ ಸಾಲದು. ಐದಕ್ಕೆ
ಮೈಯ ನೀರೆಲ್ಲ ಚೀಲಕ್ಕೆ ಹರಿದು ಕಿಡ್ನಿ ಮುನಿಯಿತು.
ಕೊನೆಯ ಸ್ಟಾಪು ಒಂದೊಂದೇ ಸ್ಟಾಪು ಮುಂದಕ್ಕೆ ಹೋಗುತ್ತಿದೆ.

ನಿನ್ನೆ ವಾಪಸು ಬರುವಾಗ ಹೊಸ ಕಂಡಕ್ಟರ್ ಹುಡುಗಿ
ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟಳು.
ಕೈಯಲ್ಲಿದೆಯೋ ಇಲ್ಲವೋ, ನೋಡಿಯೇ ತಿಳಿಯಬೇಕು.
ಮಡಿವಾಳದ ಸಿಗ್ನಲ್ಲಿನಲ್ಲಿ
ಚೀಲ ಹೊಟ್ಟೆಗೆ ಬಿಗಿದು, ತುಟಿ ಕಚ್ಚಿ ನಿಂತಳು.

ನನಗೆ ಗೊತ್ತು ಆ ನಿಲುವು.

ಬಂಕಿನಲ್ಲಿದೆ, ಹೋಗಿ ಬಾ ಅಂದೆ.
ಟೈಮಾಗುತ್ತೆ ಅಕ್ಕ ಅಂದಳು.
ಹೋಗು, ನೀರೂ ಕುಡಿದು ಬಾ.
ಎದ್ದು, ಕಂಬ ಹಿಡಿದು, ನಾನೇ ಕೂಗಿದೆ:
ಹೋಲ್ಡಾನ್!

ಬಸ್ಸು ನಿಂತಿತು.
ಸೀರೆಯ ಕೆಳಗೆ ಅದು ತನ್ನ ಪಾಡಿಗೆ
ಗೊರ್ ಅಂದಿತು.