ಹದಿನೈದು ಡಿಗ್ರಿಯ ಊರು

ನಮ್ಮ ಪುಸ್ತಕದೊಳಗೊಂದು ಊರಿದೆ.
ಸಮುದ್ರ ಮಟ್ಟದಲ್ಲೇ ಇದೆ, ಗಾಳಿಯಿಲ್ಲ,
ರನ್‌ವೇ ಸದಾ ಒಣ, ಸದಾ ಹದಿನೈದು ಡಿಗ್ರಿ.
ಎಲ್ಲ ವಿಮಾನಗಳೂ ಅಲ್ಲಿಂದ ಸಲೀಸಾಗಿ ಏಳುತ್ತವೆ.
ಇಪ್ಪತ್ತೆರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದೇನೆ,
ಆ ಊರಿನವರು ಒಬ್ಬರೂ ಸಿಕ್ಕಿಲ್ಲ.

ಇದು ರಾಸ್ ಅಲ್ ಖೈಮಾ. ಜುಲೈ. ರಾತ್ರಿ ಒಂದೂವರೆ.
ಹೊರಗೆ ನಲವತ್ತೊಂದು. ಗಾಜಿನ ಹೊರಮೈ ಬೆವರುತ್ತದೆ,
ಒಳಗೆ ನಾನು ಸ್ವೆಟರ್ ಹಾಕಿಕೊಂಡು
ಒಂದು ವಿಮಾನ ಎಷ್ಟು ಭಾರ ಹೊರಬಹುದೆಂದು ಕೂಡಿಸುತ್ತೇನೆ, ಕಳೆಯುತ್ತೇನೆ.

ನಖೀಲ್‌ನ ಬೇಕರಿಯಲ್ಲಿ ಕುಬೂಸ್ ಕಟ್ಟಿಕೊಡುತ್ತಾ
ಸವಾದ್ ಕೇಳಿದ್ದ:
'ಲೋರ್ನಾ ಬಾಯಿ, ನನ್ನ ವಿಮಾನ ನಿಮ್ಮದಕ್ಕಿಂತ ಬೇಗ ಏಳ್ತದಲ್ಲ, ಯಾಕೆ?'
ಅವನ ವಿಮಾನ ಇರುವುದು ಎರಡಂತಸ್ತಿನ ಮಂಚದ ಮೇಲೆ:
ಊರಿಗೆ ಹೊರಟ ಫಿಲಿಪಿನೊ ಒಬ್ಬ
ಅರವತ್ತು ದಿರಮಿಗೆ ಮಾರಿಹೋದ ಜಾಯ್‌ಸ್ಟಿಕ್,
ಫ್ಯಾನ್ ಕೆಟ್ಟ ಲ್ಯಾಪ್‌ಟಾಪ್, ಅದರಡಿ ಐಸಿನ ಚೀಲ.
ಕೆಳಗಿನವನ ನಿದ್ದೆ ಕೆಡಬಾರದೆಂದು ಇಂಜಿನ್ನುಗಳಿಗೆ ಸದ್ದಿಲ್ಲ.
ಇನ್ನೂರ ಹದಿನಾಲ್ಕು ಸಲ ಮಂಗಳೂರಿಗೆ ಇಳಿದಿದ್ದಾನೆ,
ರಜೆ ಚೀಟಿ ಬರೆಯದೆ.

'ಹೊರಗಿನ ಉಷ್ಣತೆ ಎಷ್ಟು ಹಾಕ್ತೀ?'
'ಅದೂ ಹಾಕ್ಲಿಕ್ಕುಂಟಾ? ಅದಾಗೇ ಹದಿನೈದು ಇರ್ತದೆ.'

ಒಲೆಯ ಬಾಯಿ ತೋರಿಸಿದೆ.
ಬಿಸಿ ಗಾಳಿ ಅಂದರೆ ನೆಂಟರು ಹೆಚ್ಚಾದ ದಿನದ ಮಜ್ಜಿಗೆ, ಮಾರಾಯ.
ಲೋಟ ತುಂಬಿರ್ತದೆ, ಒಳಗೇನೂ ಇರುವುದಿಲ್ಲ.
ರೆಕ್ಕೆ ಅದರ ಮೇಲೆಯೇ ಕೈಯೂರಿ ಏಳಬೇಕು,
ಇಂಜಿನ್ನು ಅದನ್ನೇ ಉಸಿರಾಡಬೇಕು.

ಹಿಟ್ಟಿನುಂಡೆಯನ್ನು ಅಂಗೈಯಲ್ಲಿ ತೂಗುತ್ತಾ ನಿಂತ. 'ತೊಂಬತ್ತು ಗ್ರಾಂ.'
ತಕ್ಕಡಿ ತೊಂಬತ್ತೊಂದು ಅಂದಿತು.
'ಬೆರಳಿಗೆ ಹತ್ತಿದ್ದೂ ಸೇರಿ ಬಿತ್ತು' ಅಂದ. ಆಮೇಲೆ,
'ಒಬ್ಬ ಮನುಷ್ಯ ಎಷ್ಟು?'
'ಎಪ್ಪತ್ತೈದು. ಯಾರಾದರೂ.'
'ನಾನು ಐವತ್ತೆಂಟು.'
'ನಮ್ಮ ಕಾಗದದಲ್ಲಿ ಎಪ್ಪತ್ತೈದು.'
ಪುಕ್ಕಟೆ ಸಿಕ್ಕಿದ ಹದಿನೇಳು ಕಿಲೋಗೆ
ಎದೆ ಉಬ್ಬಿಸಿಕೊಂಡು ಮುಂದಿನ ಗಿರಾಕಿಯ ಕಡೆ ತಿರುಗಿದ.

ಇವತ್ತು ಅವನು ಇಪ್ಪತ್ತೇಳನೇ ಸಾಲಿನ ಕಿಟಕಿಯಲ್ಲಿದ್ದಾನೆ.

ಮಂಗಳೂರಿನ ವರದಿ: ಗುಡುಗು,
ಮೋಡ ಎಂಟುನೂರು ಅಡಿಗೆ, ರನ್‌ವೇ ಒದ್ದೆ.
ಇಳಿಯಲಾಗದಿದ್ದರೆ ಕೊಚ್ಚಿ. ಕೊಚ್ಚಿಯಲ್ಲೂ ಮಳೆ. ಹಾಗಾದರೆ ಬೆಂಗಳೂರು.
ಕ್ಯಾಪ್ಟನ್ ಹುಮೈದ್ ಫೋನಿನಲ್ಲಿ ನಕ್ಕು,
'ಇನ್ನೊಂದು ಟನ್ ಎಣ್ಣೆ ಕೊಟ್ಟುಬಿಡು, ತಂಗಿ.'
ಎಣ್ಣೆ ಹೊರಲಿಕ್ಕೂ ಎಣ್ಣೆ ಬೇಕು,
ಬುತ್ತಿ ಹೊರುವವನಿಗೂ ಬುತ್ತಿ ಕಟ್ಟಬೇಕಲ್ಲ.
ಒಂದು ಟನ್ ಹತ್ತಿದರೆ ಒಂದು ಟನ್ ಇಳಿಯಬೇಕು.
ನಲವತ್ತು ಪೆಟ್ಟಿಗೆ, ತಲಾ ಇಪ್ಪತ್ತೈದು, ನಾಳೆಯ ವಿಮಾನಕ್ಕೆ.
ಹೆಸರು ನೋಡಲಿಲ್ಲ.
ನೋಡಿದರೆ ನನ್ನ ಲೆಕ್ಕ ತಪ್ಪುತ್ತದೆ.

ವಿ-ಒನ್: ನೂರ ನಲವತ್ತೆರಡು.
ಅಲ್ಲಿಯವರೆಗೆ ಮನಸ್ಸು ಬದಲಿಸಬಹುದು, ಬ್ರೇಕ್ ಒತ್ತಬಹುದು.
ನೂರ ನಲವತ್ತಮೂರಕ್ಕೆ, ಏನು ಮುರಿದರೂ, ಹೊರಡಲೇಬೇಕು.
ಬರೆದು, ಅಡಿಗೆರೆ ಎಳೆದು, ಸಹಿ ಹಾಕಿದೆ.

ಬಾಗಿಲು ಹಾಕುವ ಹೊತ್ತಿಗೆ ಮೆಸೇಜು. ಬೇಕರಿ ಬಿಲ್ಲಿನ ಹಿಂಬದಿಯ ಫೋಟೊ,
ಪೆನ್ಸಿಲ್ಲಿನ ಗುಣಾಕಾರ, ಮೂಲೆಯಲ್ಲಿ ಹಿಟ್ಟಿನ ಬೆರಳಚ್ಚು:
'ನಲವತ್ತೊಂದು ಹಾಕಿಯೇ ಮಾಡಿದೆ, ಬಾಯಿ.
ಮೂವತ್ತೇಳು ಸೆಕೆಂಡಿಗೆ ಏಳ್ತದೆ. ಸರಿಯಾ?'
ಉತ್ತರ ಕೊಡಲಿಲ್ಲ. ಕಿಟಕಿಗೆ ಹೋದೆ.
ದೀಪಗಳ ಸಾಲು ಮುಗಿಯುವಲ್ಲಿ ಕತ್ತಲು, ಅದರಾಚೆ ಬೆಟ್ಟ.
ಬಾಯಲ್ಲೇ ಎಣಿಸಿದೆ,
ಮೂವತ್ತೈದು, ಮೂವತ್ತಾರು, ಮೂವತ್ತೇಳು,
ಮೂವತ್ತೆಂಟು.
ಮೂವತ್ತೊಂಬತ್ತಕ್ಕೆ ಮೂಗು ಎತ್ತಿತು.

ಬೆಳಿಗ್ಗೆ ಫೋನು, ಹಿಂದೆ ಮಳೆಯ ಸದ್ದು.
'ಎರಡು ಸೆಕೆಂಡು ತಡ! ನಿಮ್ಮ ಕಾಗದ ಸುಳ್ಳು, ಬಾಯಿ.
ನನ್ನ ಪಕ್ಕದವ ನೂರಹತ್ತು ಇದ್ದ.'
ನಾನು ನಕ್ಕೆ. ಅವನು ನಗಲಿಲ್ಲ.
'ಮತ್ತೆ... ನನ್ನ ಪೆಟ್ಟಿಗೆ ಬರಲಿಲ್ಲ. ಜಾಯ್‌ಸ್ಟಿಕ್ ಅದರಲ್ಲೇ ಉಂಟು.'

ಸ್ವಲ್ಪ ಹೊತ್ತು ಇಬ್ಬರೂ ಮಳೆ ಕೇಳಿದೆವು.

'ಎಷ್ಟು ಭಾರ ಇತ್ತು?'
'ಕೈಯಲ್ಲಿ ತೂಗಿದ್ದೆ. ಇಪ್ಪತ್ನಾಲ್ಕೂವರೆ.'
'ನಾನು ಇಪ್ಪತ್ತೈದು ಹಿಡಿದಿದ್ದೆ' ಅಂದೆ.