ಆರನೆಯ ಕೊಳಗ

ಹೊಳಲ್ಕೆರೆಯ ಕಾಲೇಜು, ಮಧ್ಯಾಹ್ನದ ಎರಡನೇ ಪಿರಿಯಡ್ಡು,
ಶೀಟು ಹೊದಿಸಿದ ಕೊಠಡಿ ಕಾವಲಿಯಂತೆ ಕಾದಿದೆ.
ಬೋರ್ಡಿನ ಮೇಲೆ ಬರೆದೆ: ಯುಪಾಟ್ರಿಡರು.
ಅಂದರೆ, ಒಳ್ಳೆಯ ಅಪ್ಪಂದಿರ ಮಕ್ಕಳು.

ಅಷ್ಟೇ ಅವರ ಕಸುಬು. ಹುಟ್ಟುವುದು.
ಹುಟ್ಟಿದ ಮೇಲೆ ಬಯಲೆಲ್ಲ ಅವರದೇ,
ನ್ಯಾಯ ಅವರ ಜಗಲಿಯಲ್ಲಿ,
ದೇವರ ಮುಂದಿನ ಮೊದಲ ಮರ್ಯಾದೆ ಅವರಿಗೆ,
ಕುದುರೆ ಸಾಕುವಷ್ಟು ಹುಲ್ಲು,
ಹೆಸರಿನೊಳಗೂ ಒಂದು ಕುದುರೆ ಕಟ್ಟಿಕೊಳ್ಳುವಷ್ಟು ಬಿಂಕ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.
ಗುರುಬಸವನ ಕಿವಿ ಕೆಂಪಾಯಿತು.
ಅವನ ಮನೆಯ ಗೋಡೆಯಲ್ಲಿ ಕುದುರೆ ಕಟ್ಟುವ ಬಳೆ ಇನ್ನೂ ಇದೆ,
ಜನಗಣತಿಗೆ ಹೋದಾಗ ನಾನೇ ನೋಡಿದ್ದೇನೆ.
ಈಗ ಅದಕ್ಕೆ ಬಿಗಿದಿರುವುದು ಬಟ್ಟೆ ಒಣಹಾಕುವ ಹಗ್ಗ.
ಅವರಮ್ಮ ಹಗ್ಗದ ಕೆಳಗೆ ಬಗ್ಗಿ ಬಂದು
ನನಗೆ ಮಜ್ಜಿಗೆ ಕೊಟ್ಟಿದ್ದರು.

ಮುಂದುವರಿಸಿದೆ. ಅಲ್ಲಿನದೂ ಕಲ್ಲುನೆಲ, ಮೇಕೆ,
ನಮ್ಮ ದುರ್ಗದ ಹಾಗೆ ಮಳೆಗಿಂತ ಬಂಡೆ ಹೆಚ್ಚು.
ಸಾಲ ಮಾಡಿದವನ ಹೊಲದಲ್ಲಿ ಕಲ್ಲು ನೆಡುತ್ತಿದ್ದರು.
ತೀರಿಸದಿದ್ದರೆ ಹೊಲ, ಆಮೇಲೆ ಮಕ್ಕಳು, ಆಮೇಲೆ ಅವನೇ.
ಆರನೇಪಾಲಿನವರು ಅಂತ ಒಂದು ಜನ.
ಬೆಳೆಯನ್ನು ಆರು ಭಾಗ ಮಾಡಿ
ಒಂದನ್ನು ಒಡೆಯನಿಗೆ ಕೊಡುತ್ತಿದ್ದರೋ
ಒಂದನ್ನು ತಾವು ಇಟ್ಟುಕೊಳ್ಳುತ್ತಿದ್ದರೋ,
ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.
ಬರೆದುಕೊಳ್ಳಿ, ಎರಡು ಮಾರ್ಕ್ಸಿಗೆ ಬರಬಹುದು.

ಪೆನ್ನುಗಳು ಓಡಿದವು. ಒಂದು ಓಡಲಿಲ್ಲ.
"ಇಟ್ಟುಕೊಳ್ತಿದ್ದರು ಮೇಡಂ," ಎಂದಳು ಓಬಳಮ್ಮ.
"ಯಾವ ಪುಸ್ತಕ?"
"ನಮ್ಮಜ್ಜಿ."

ಅಜ್ಜಿ ಕಣದಲ್ಲಿ ಸೆರಗೊಡ್ಡಿ ನಿಂತಿರುತ್ತಿದ್ದಳಂತೆ.
ಗೌಡರ ಆಳು ಕೊಳಗ ತುಂಬಿ ಕೂಗುವನಂತೆ:
ಲಾಭ, ಎರಡು, ಮೂರು, ನಾಕು, ಐದು,
ಐದಕ್ಕೂ ನೆತ್ತಿಯ ಮೇಲೆ ಗೋಪುರ, ಐದೂ ಗೌಡರ ಚೀಲಕ್ಕೆ.
ಆರು ಅನ್ನುವ ಹೊತ್ತಿಗೆ ದನಿ ಇಳಿದು
ಅಂಗೈಯಲ್ಲಿ ತಲೆ ಸವರಿದ ಕೊಳಗ, ಇವಳ ಸೆರಗಿಗೆ.
"ಒಂದು ಅನ್ನೋದನ್ನ ಲಾಭ ಅಂತಾರಲ್ಲ ಮೇಡಂ,
ಅದು ನಮ್ಮ ಮನೆ ಕಡೆ ತಿರುಗಲೇ ಇಲ್ಲ ಅಂತಿದ್ದಳು."

ಗುರುಬಸವ ಕಿಟಕಿಯಾಚೆ ನೋಡುತ್ತಿದ್ದ.
ಅಲ್ಲಿ ಒಂದು ಬೇವು, ಬುಡದಲ್ಲಿ ಅವನ ಮೋಪೆಡ್ಡು.

ನಾನು ಹೇಳಬೇಕಿತ್ತು: ಕಾನೂನು ಬಂತು,
ಅಥೆನ್ಸಿನಲ್ಲಿ ಸಾಲದ ಕಲ್ಲು ಕಿತ್ತರು,
ನಮ್ಮಲ್ಲೂ ಅರ್ಜಿ ಹಾಕಿದವರಿಗೆ ಹೊಲವಾಯಿತು.
ಅರ್ಜಿ ಎಂಬಲ್ಲಿ ನಾಲಿಗೆ ಒಣಗಿತು.
ನನ್ನಪ್ಪ ಆಗ ತಾಲ್ಲೂಕು ಕಚೇರಿಯ ಗುಮಾಸ್ತ.
ಗೌಡರ ಮನೆಯಿಂದ ಸುಗ್ಗಿಗೊಂದು ಮೂಟೆ ಕಡಲೆಕಾಯಿ ಬರುತ್ತಿತ್ತು,
ಕೆಲವು ಅರ್ಜಿಗಳು ನಮ್ಮ ಅಟ್ಟದಲ್ಲಿ ಇಲಿಯ ಪಾಲಾದವು.
ಒಳ್ಳೆಯ ಅಪ್ಪನೇ, ನಮಗೆ.
ಸೈಕಲ್ಲಿನ ಮುಂದಿನ ಕಂಬಿಗೆ ಟವೆಲ್ಲು ಸುತ್ತಿ, ಕೂರಿಸಿ,
ಒಂದು ದಿನವೂ ತಪ್ಪದೆ ಶಾಲೆಗೆ ಬಿಟ್ಟವನು.

ಬೆಲ್ಲು ಹೊಡೆಯಿತು. ಡಸ್ಟರು ಎತ್ತಿಕೊಂಡೆ.
"ಪರೀಕ್ಷೆಯಲ್ಲಿ ಏನು ಬರೀತೀಯ ಮತ್ತೆ?"
ಓಬಳಮ್ಮ ಪುಸ್ತಕ ಮುಚ್ಚಿದಳು.
"ಒಮ್ಮತವಿಲ್ಲ ಅಂತಲೇ ಬರೀತೀನಿ ಮೇಡಂ.
ಮಾರ್ಕ್ಸು ಬೇಕಲ್ಲ."