ಮೆಟ್ಟಿಲ ಲೆಕ್ಕ

ಬಿರ್ಕತ್ ಅಲ್ ಮೌಝ್‌ನ ಚೆಕ್‌ಪೋಸ್ಟಿನಲ್ಲಿ
ಪೊಲೀಸಿನವನು ಗಾಡಿಯ ನಾಲ್ಕೂ ಚಕ್ರ ನೋಡಿದ,
ಚಿತ್ರಾನ್ನದ ಡಬ್ಬಿ ತಬ್ಬಿಕೊಂಡು ಕೂತಿದ್ದ
ಪಂಪಾವತಿಯನ್ನೂ ನೋಡಿದ,
ಹೋಗಿ ಎಂದು ಕೈ ಬೀಸಿದ.

ಜಬಲ್ ಅಖ್ದರ್ ಅಂದರೆ ಹಸಿರು ಬೆಟ್ಟ.
ಮುಕ್ಕಾಲು ಗಂಟೆ ಹತ್ತಿದರೂ ಬೂದಿಯದೇ ಬಣ್ಣ.
"ಹೆಸರಿಟ್ಟವರು ಹಸಿರು ಕನ್ನಡಕ ಹಾಕಿದ್ದರೇನೋ"
ಎಂದಳು ಮಯೂರಿ. ಏಳು ವರ್ಷ, ಬಾಯಿಗೆ ಬೀಗವಿಲ್ಲ.
ಆಮೇಲೆ ಒಂದು ತಿರುವು, ಗಾಳಿ ತಣ್ಣಗಾಯಿತು,
ಜುನಿಪರ್ ಮರಗಳು ಬಂದವು ಒಂದೊಂದಾಗಿ,
ಒಗೆದು ಹಿಂಡಿ ಬಿಡಿಸಲು ಮರೆತ ಕಂಬಳಿಗಳ ಹಾಗೆ.
ನಡುವೆ ಕಾಡು ಆಲಿವ್, ಮೇಕೆ ಮೇಯ್ದು ಉಳಿದಷ್ಟು.
ಕಾಡೆನ್ನಲೋ ಬೇಡವೋ:
ಒಂದು ಮರದಡಿ ನಿಂತು ಇನ್ನೊಂದರಡಿಯವರನ್ನು
ಊಟಕ್ಕೆ ಕೂಗಬೇಕು, ಅಷ್ಟು ದೂರ.
ಹೆಗಲ ಮೇಲಿದ್ದ ಪಾಲಾಕ್ಷ ನೀಲಿ ಕಾಯಿ ಕಿತ್ತ.
ಮೂಗಿಗೆ ಒಯ್ದ. "ಬಿಸಾಕೋ!" ಅಂದಳು ಅವರಮ್ಮ.
ಬಿಸಾಕಿದ ಎಂದುಕೊಂಡೆವು.

ಕಣಿವೆಗೆ ಇಳಿಯುವ ಮೆಟ್ಟಿಲು.
ಮಯೂರಿ ಜೋರಾಗಿ ಎಣಿಸಿದಳು, ಇನ್ನೂರ ಹದಿನಾರು.

ನಾನು ದುರ್ಗದವನು. ಕಲ್ಲು ನನಗೆ ಹೊಸದಲ್ಲ.
ಶಾಲೆ ತಪ್ಪಿಸಿ ಕೋಟೆಯ ಬಂಡೆಯೇರಿ
ಅಪ್ಪನ ಬೀಡಿ ಕೆಮ್ಮುತ್ತ ಸೇದಿದವನು.
ಬಿದ್ದ ಗೋಡೆ ಕಂಡರೆ ಸಾಕು, ತಾನಾಗಿ
ಗೈಡಿನ ಗಂಟಲು ಬಂದುಬಿಡುತ್ತದೆ.

ಮಣ್ಣಿನ ಊರು ಬಂಡೆಗೆ ಬೆನ್ನು ಕೊಟ್ಟು ಕೂತಿತ್ತು,
ಸೂರು ಕಳಚಿದ ಮನೆಗಳು ಒಂದರ ಭುಜದ ಮೇಲೊಂದು.
ಒಲೆಯ ಹಿಂದಿನ ಗೋಡೆಯಲ್ಲಿ ಮಸಿ ಇನ್ನೂ ಕರ್ರಗಿತ್ತು.
ಪಂಪಾವತಿ ಬೆರಳಿಟ್ಟು ನೋಡಿ ಚೂಡಿದಾರಕ್ಕೆ ಒರೆಸಿದಳು.
"ಎಡಚಿ ಇದ್ದಳು ಈ ಮನೆಯವಳು."
"ಹೇಗೆ ಹೇಳ್ತೀಯ?"
"ಉಪ್ಪಿನ ಗೂಡು ಎಡಕ್ಕಿದೆ, ನೋಡಿ."

ಮಯೂರಿ ಪ್ರತಿ ಬಾಗಿಲನ್ನೂ ತಟ್ಟಿದಳು.
ಬಾಗಿಲಿಲ್ಲದ ಕಡೆ ಚೌಕಟ್ಟನ್ನು ತಟ್ಟಿದಳು.
ಸ್ವಲ್ಪ ಕಾದು, ಚಪ್ಪಲಿ ಬಿಟ್ಟು, ಒಳಗೆ ಹೋದಳು.
"ಎಲ್ಲ ಎಲ್ಲಿಗೆ ಹೋದರಪ್ಪ?"
ನಾನು ಕೆಮ್ಮಿದೆ. ಕಾಲ, ಎಂದೆ. ಕಾಲ ಅನ್ನುವುದು, ಮಗಳೇ...

ಅಕ್ರೋಟು ಮರದಡಿಯಿಂದ ಒಬ್ಬ ಅಜ್ಜ ಎದ್ದ,
ಕೈಯಲ್ಲಿ ಕುಡುಗೋಲು, ಜೇಬಲ್ಲಿ ಗುಣುಗುಡುವ ಮೊಬೈಲು.
ನನ್ನ ಮುರುಕು ಅರಬ್ಬಿ ಅವನ ಮುರುಕು ಹಿಂದಿಯನ್ನು ಕೇಳಿತು.
ಅವನು ನಕ್ಕ, ಹಲ್ಲಿದ್ದಷ್ಟು.
ಕುಡುಗೋಲು ಎತ್ತಿ ಕಣಿವೆಯ ಮೇಲೆ ತೋರಿಸಿದ:
ಸಾಲಾಗಿ ಬಿಳಿ ಮನೆಗಳು, ನೀರಿನ ಟ್ಯಾಂಕು, ಎಸಿ ಪೆಟ್ಟಿಗೆ.
"ಫೋಕ್," ಎಂದ. ಮೇಲೆ.
"ರಸ್ತೆ ಬಂತು, ಕರೆಂಟು ಬಂತು, ನಾವು ಮೇಲೆ ಹೋದೆವು.
ಅಮ್ಮ ಮಾತ್ರ ಮೂರು ದಿನ ಬೈದಳು.
ಆಮೇಲೆ ಫ್ರಿಜ್ಜು ಬಂತು."

ಅಷ್ಟೇ. ಯುದ್ಧವಿಲ್ಲ, ಶಾಪವಿಲ್ಲ.
ನಿಜ್ವಾದಲ್ಲಿ ನಾವು ಮೂರು ಬಾಡಿಗೆ ಮನೆ ಬದಲಿಸಿದ ಹಾಗೆ
ಒಂದೂರು ಮನೆ ಬದಲಿಸಿತ್ತು,
ಮೆಟ್ಟಿಲು ಹತ್ತಿ.

ನಾನು ಲೈನ್‌ಮನ್. ಹತ್ತು ವರ್ಷದಿಂದ ಈ ದೇಶದಲ್ಲಿ
ಕಂಬ ಹತ್ತಿ ತಂತಿ ಎಳೆಯುತ್ತೇನೆ.
ಆ ಬಿಳಿ ಮನೆಗಳಿಗೆ ಎಳೆದವನು ನಾನಲ್ಲ,
ನನಗಿಂತ ಹಿಂದಿನವನು ಯಾರೋ. ಆದರೂ
ತಲೆಯೆತ್ತಿ ಕಂಬ ಎಣಿಸಿದೆ, ಜೋಲುಬಿದ್ದ ಒಂದು ತಂತಿ
ಕಣ್ಣಿಗೆ ಚುಚ್ಚಿತು. ಹಸಿ ಮಸಿಯ ಒಂದು ಒಲೆ
ಆ ತಂತಿಯ ಈ ತುದಿಗೆ ಆರಿತ್ತು ಅಂತ
ಯಾರೂ ಕಂಪನಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಅಜ್ಜ ದಾಳಿಂಬೆ ಕೊಟ್ಟ, ಒಡೆದದ್ದೊಂದು, ಒಡೆಯದ್ದೆರಡು.
ಪಂಪಾವತಿ ಚಿತ್ರಾನ್ನ ಕೊಟ್ಟಳು. ಅವನು ಕಡಲೆಬೀಜ
ಆರಿಸಿ ಆರಿಸಿ ತಿಂದ, ಮೆಣಸಿನಕಾಯಿಗೆ ಸಲಾಂ ಹೇಳಿದ.
ಮಯೂರಿ ಕೇಳಿದಳು: ನಿಮ್ಮಮ್ಮ ಎಡಗೈಯವರಾ?
ನಾನು ಅನುವಾದಿಸಲಿಲ್ಲ. ಎಡಗೈ ಎತ್ತಿ
ಅವಳೇ ಒಗ್ಗರಣೆ ಹಾಕಿ ತೋರಿಸಿದಳು.
ಅಜ್ಜ ಅಗಿಯುವುದನ್ನು ನಿಲ್ಲಿಸಿದ.
ಅವಳನ್ನೇ ನೋಡುತ್ತ ತುಂಬ ಹೊತ್ತು ಕೂತ.

ವಾಪಸು ಏರುವಾಗ ಮೆಟ್ಟಿಲು ಇನ್ನೂರ ಹತ್ತೊಂಬತ್ತು.
"ಮೂರು ಎಲ್ಲಿಂದ ಬಂತು?" ಕೆಳಗಿಳಿದು ಮತ್ತೆ ಎಣಿಸೋಣ ಎಂದು
ಅವಳ ಹಟ. ನನ್ನ ಮೊಣಕಾಲು ಒಪ್ಪಲಿಲ್ಲ.

ಕತ್ತಲಾಗಿತ್ತು. ಚೆಕ್‌ಪೋಸ್ಟಿನಲ್ಲಿ ಅದೇ ಪೊಲೀಸು.
ಟಾರ್ಚು ಒಳಗೆ ಬಿಡುವುದಕ್ಕೂ ಪಾಲಾಕ್ಷ ಸೀನುವುದಕ್ಕೂ ಸರಿಹೋಯಿತು,
ಜುನಿಪರಿನ ನೀಲಿ ಕಾಯಿ
ಪಟ್ಟನೆ ಹಾರಿ ನನ್ನ ಕತ್ತಿಗೆ ತಗುಲಿತು.